ಡಬ್ಬಿಗಳಿಗೆ ಅಂಗಿ

ಆಗಸ್ಟ್ ೧೮

ಅಣ್ಣನಿಗೆ,

ಫೋನ್ ಮಾಡಿದರೆ ನೀನು "ಆಂ? ಆಂ?" ಅನ್ನುವುದು, ನಾನು ಪ್ರಯೋಗಾಲಯದ ಎಲ್ಲರಿಗೂ ಕೇಳುವ ಹಾಗೆ ಕಿರುಚುವುದು ಸಾಕಾಗಿದೆ. ಬಾಯ್ಲರ್ ಪಕ್ಕ ನಿಂತು ನಿಂತು ನಿನ್ನ ಕಿವಿ ಹೋಯಿತು, ನನ್ನ ಗಂಟಲಾದರೂ ಉಳಿಯಲಿ. ಇನ್ನು ಮುಂದೆ ಕಾಗದವೇ. ಅತ್ತಿಗೆಗೂ ಓದಲು ಕೊಡು. ನಿನಗಿಂತ ಅವರೇ ಗಮನವಿಟ್ಟು ಓದುತ್ತಾರೆ.

ಪೆಟ್ಟಿಗೆ ತಲುಪಿರಬೇಕು. ಅದರಲ್ಲಿ ಹದಿನಾರು ಸೆನ್ಸರ್ ಡಬ್ಬಿಗಳಿವೆ. ವೈರಿಲ್ಲ, ಬ್ಯಾಟರಿಯಿಲ್ಲ. ಮತ್ತೆ ಏನು ತಿಂದು ಬದುಕುತ್ತವೆ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಡಬ್ಬಿಯ ಹೊಟ್ಟೆಯನ್ನು ಬಿಸಿ ಸ್ಟೀಮ್ ಪೈಪಿಗೆ ಒತ್ತಿ ಕಟ್ಟಬೇಕು. ರೆಕ್ಕೆರೆಕ್ಕೆಯಾಗಿರುವ ಬೆನ್ನು ಹೊರಗೆ, ತಣ್ಣನೆ ಗಾಳಿಗೆ ಇರಬೇಕು. ಹೊಟ್ಟೆ ಬಿಸಿ, ಬೆನ್ನು ತಣ್ಣಗೆ. ಆ ವ್ಯತ್ಯಾಸದಿಂದ ಚಿಟಿಕೆಯಷ್ಟು ಕರೆಂಟು ಹುಟ್ಟುತ್ತದೆ, ಅಷ್ಟೇ ಅದರ ಊಟ. ಅದನ್ನೇ ಕೂಡಿಟ್ಟುಕೊಂಡು ಗಂಟೆಗೊಮ್ಮೆ, ಪೈಪು ಎಷ್ಟು ಬಿಸಿಯಿದೆ, ಒಳಗೆ ಬಡಿತ ಕೇಳುತ್ತಿದೆಯೇ ಎಂದು ರೇಡಿಯೊದಲ್ಲಿ ಒಂದು ಮಾತು ಹೇಳುತ್ತದೆ. ಆ ಮಾತು ನಿಮ್ಮ ಆಫೀಸಿಗೂ ಬರುತ್ತದೆ, ನನಗೂ ಬರುತ್ತದೆ.

ಪೈಪಿನಲ್ಲಿ ಹಬೆ ತಣಿದು ನೀರಾಗುವುದು, ಆ ನೀರನ್ನು ಹೊರಹಾಕುವ ಟ್ರ್ಯಾಪ್ ಕಟ್ಟಿಕೊಂಡರೆ ಹಿಂದಿನ ಹಬೆ ನೀರನ್ನು ತಳ್ಳಿಕೊಂಡು ಹೋಗಿ ಪೈಪಿನ ತಿರುವನ್ನೇ ಒಡೆಯುವುದು, ಇದನ್ನೆಲ್ಲ ನನಗೆ ಹೇಳಿಕೊಟ್ಟವನೇ ನೀನು. ಟ್ರ್ಯಾಪ್ ಕಟ್ಟಿಕೊಳ್ಳುತ್ತಿದ್ದಂತೆ ಆ ಜಾಗ ತಣ್ಣಗಾಗತೊಡಗುತ್ತದೆ. ಡಬ್ಬಿ ಕೂಡಿಟ್ಟ ಕರೆಂಟಿನಿಂದ ಕೂಗುತ್ತದೆ, ನೀವು ವಾಲ್ವ್ ಮುಚ್ಚುತ್ತೀರಿ, ಯಾರಿಗೂ ಏನೂ ಆಗುವುದಿಲ್ಲ.

ನಮ್ಮ ಮುಖ್ಯಸ್ಥರು ವರ್ಷದ ಕೊನೆಯವರೆಗೆ ಕಾಲ ಕೊಟ್ಟಿದ್ದಾರೆ. ಡಬ್ಬಿಗಳು ಗೆದ್ದರೆ ನಾನು ಇಲ್ಲಿ ಉಳಿದೆ. ಸೋತರೆ ನಿನ್ನ ಬಾಯ್ಲರಿಗೆ ಕಲ್ಲಿದ್ದಲು ಸುರಿಯಲು ಬರುತ್ತೇನೆ, ಜಾಗ ಇಟ್ಟಿರು.

ನಿನ್ನ ತಂಗಿ


ಸೆಪ್ಟೆಂಬರ್ ೯

ಮೊಂಡಿಗೆ,

ನನ್ನ ಕಿವಿಯನ್ನು ಆಡಿಕೊಂಡ ಸಾಲನ್ನು ನಿನ್ನ ಅತ್ತಿಗೆ ಎರಡು ಸಲ ಓದಿ ನಕ್ಕಳು. ಮನೆಯಲ್ಲಿ ನನ್ನ ಮರ್ಯಾದೆ ಇಷ್ಟು.

ಡಬ್ಬಿಗಳನ್ನೆಲ್ಲ ಕಟ್ಟಿಯಾಯಿತು. ಬಟ್ಟೆಗೆ ಬಣ್ಣ ಹಾಕುವ ಹಾಲ್‌ನಿಂದ ಹಿಡಿದು ಅದನ್ನು ಒಣಗಿಸಿ ಮಡಚುವ ಹಾಲ್‌ವರೆಗೆ ಪ್ರತಿ ಟ್ರ್ಯಾಪಿನ ಪಕ್ಕದಲ್ಲೂ ಒಂದೊಂದು. ಏಣಿ ಹಿಡಿದವನು ಕೋಲಜ್ಜ. ನೀನು ಹಿಂದೆ ಬಂದಾಗ ನೋಡಿದ್ದೆಯಲ್ಲ, ಕಬ್ಬಿಣದ ಕೋಲಿನ ಒಂದು ತುದಿಯನ್ನು ಟ್ರ್ಯಾಪಿಗೂ ಇನ್ನೊಂದನ್ನು ಕಿವಿಗೂ ಒತ್ತಿಕೊಂಡು, ಎಲ್ಲಿ ಕಟ್ಟಿಕೊಂಡಿದೆ ಎಂದು ಕೇಳುತ್ತ ದಿನವಿಡೀ ಪೈಪಿನ ಉದ್ದಕ್ಕೂ ಓಡಾಡುತ್ತಾನೆ, ಆ ಮುದುಕ. "ಇದೇನು ನನ್ನ ಸವತೀನಾ?" ಅಂದ. ಬೈಗುಳವಲ್ಲ, ತಮಾಷೆ.

ನಿನ್ನ ಅತ್ತಿಗೆ ಗೋದಾಮಿನ ಪಾಳಿ ಮುಗಿಸಿ ಬಂದು ಒಂದೊಂದನ್ನೂ ನೋಡಿದಳು. "ಬ್ಯಾಟರಿನೂ ಕೊಡ್ದೆ ಕಳಿಸಿದಾಳಲ್ರೀ, ಬರಿಗೈಲಿ ಮನೆಯಿಂದ ಹೊರಗೆ ಹಾಕಿದ ಹಾಗೆ," ಅಂದಳು. ಈಗ ಹಾಲ್‌ನಲ್ಲಿ ಹೋಗುವಾಗಲೆಲ್ಲ ತಲೆಯೆತ್ತಿ ನೋಡಿ ಹೋಗುತ್ತಾಳೆ. ನಿನ್ನ ಮೇಲೆ ಅವಳಿಗಿರುವ ಅಕ್ಕರೆ ಅಷ್ಟೂ ಆ ಡಬ್ಬಿಗಳ ಮೇಲೆ ಬಿದ್ದಿದೆ.

ಕಲ್ಲಿದ್ದಲು ಸುರಿಯಲು ನೀನು ಬರಬೇಡ. ನಿನ್ನ ಬಾಯಿಗೆ ಹೆದರಿ ಬಾಯ್ಲರ್ ಆರಿಹೋದೀತು. ಅಲ್ಲೇ ಗೆಲ್ಲು.

ಅಣ್ಣ


ಅಕ್ಟೋಬರ್ ೧೪

ಅಣ್ಣನಿಗೆ,

ನನಗೆ ನಿದ್ದೆಯಿಲ್ಲ. ನಿಮ್ಮ ಹಾಲ್‌ಗಳ ಗಾಳಿಯೇ ಕಾದು ಕೂತಿದೆ. ಡಬ್ಬಿಗಳ ಬೆನ್ನು ನಾನು ಲೆಕ್ಕ ಹಾಕಿದಷ್ಟು ತಣಿಯುತ್ತಿಲ್ಲ. ಅರೆಹೊಟ್ಟೆಯಲ್ಲಿ ಗಂಟೆಗೊಮ್ಮೆ ಮಾತಾಡಿ ಮಾತಾಡಿ ಸುಸ್ತಾಗುತ್ತಿವೆ. ಅದಕ್ಕೆ ಇಲ್ಲಿಂದಲೇ ಅವುಗಳ ಪ್ರೋಗ್ರಾಂ ಬದಲಿಸಿದ್ದೇನೆ. ಇನ್ನು ಗಂಟೆಗೊಂದು ಮಾತಿಲ್ಲ. ಪೈಪಿನಲ್ಲಿ ಏನಾದರೂ ಬದಲಾದರೆ ಮಾತ್ರ ಕೂಗುತ್ತವೆ. ಸುಮ್ಮನಿದ್ದರೆ ಎಲ್ಲ ಸರಿಯಿದೆ ಎಂದರ್ಥ. ನಮ್ಮ ಅಪ್ಪ ಇದ್ದರಲ್ಲ, ಬೈಯಲಿಕ್ಕಿದ್ದರೆ ಮಾತ್ರ ಬಾಯಿ ಬಿಡುತ್ತಿದ್ದರು, ಸುಮ್ಮನಿದ್ದರೆ ಖುಷಿಯಲ್ಲಿದ್ದಾರೆ ಎಂದುಕೊಳ್ಳುತ್ತಿದ್ದೆವು. ಹಾಗೆಯೇ.

ಅದಕ್ಕಿಂತ ದೊಡ್ಡ ತಲೆನೋವು ನೀರು. ಮೇಲಿನ ತಗಡಿಗೆ ಹಬೆ ತಾಗಿ ತೊಟ್ಟಿಕ್ಕುತ್ತದೆ ಎಂದು ನೀನು ಬರೆಯಲೇ ಇಲ್ಲ. ಎರಡು ಡಬ್ಬಿಗಳು ನೀರು ಕುಡಿದು ಸತ್ತವು. ಚಳಿ ಹೆಚ್ಚಿದಷ್ಟೂ ತೊಟ್ಟಿಕ್ಕುವುದು ಹೆಚ್ಚುತ್ತದೆ. ಇನ್ನೊಂದು ಹೋದರೂ ಮುಖ್ಯಸ್ಥರ ಮುಂದೆ ನನ್ನ ಕಥೆ ಮುಗಿಯಿತು. ನೀರು ಬೀಳದ ಹಾಗೆ ಏನಾದರೂ ಮಾಡು ಅಣ್ಣಾ. ಏನು ಮಾಡುತ್ತೀಯೋ ನಿನ್ನ ಇಷ್ಟ, ನನ್ನನ್ನು ಕೇಳುತ್ತ ಕೂರಬೇಡ. ಕೈಮುಗಿದು ಕೇಳುತ್ತಿದ್ದೇನೆ.

ತಂಗಿ


ನವೆಂಬರ್ ೨

ಮೊಂಡಿಗೆ,

ನೀನು ಕೈಮುಗಿದದ್ದು ಹುಟ್ಟಿದ ಮೇಲೆ ಇದೇ ಮೊದಲು. ಹೆದರಿ ಕೂಡಲೇ ಕೆಲಸಕ್ಕೆ ಇಳಿದೆವು.

ನೀರಿನ ಚಿಂತೆ ಬಿಡು. ಏನು ಮಾಡಿದೆವೆಂದು ಹೇಳುವುದಿಲ್ಲ. ಚಳಿಗಾಲ ಕಳೆದು ನೀನು ಬಂದಾಗ ಕಣ್ಣಾರೆ ನೋಡು. ಒಂದೇ ಒಂದು ಸುಳಿವು ಕೊಡುತ್ತೇನೆ: ನಿನ್ನ ಅತ್ತಿಗೆ ಊಟವಾದ ಮೇಲೆ ಹಳೆಯ ಕಂಬಳಿ ಹರಡಿಕೊಂಡು ಕೂತು ಪುಟ್ಟಪುಟ್ಟ ಅಂಗಿ ಹೊಲಿಯುತ್ತಿದ್ದಾಳೆ. ಯಾರಿಗೆ ಎಂದು ನೀನು ಕೇಳಿದರೆ ಹೇಳಬಾರದಂತೆ.

ಇನ್ನೊಂದು ಸುದ್ದಿ. ಅವಳ ಕೈಗಂಟುಗಳು ಈ ಸಲ ಚಳಿ ಶುರುವಾಗುವ ಮೊದಲೇ ಊದಿಕೊಂಡಿವೆ. ಬೆಳಿಗ್ಗೆ ಮುಷ್ಟಿ ಮಡಚಲಾಗುವುದಿಲ್ಲ. ಮೇಲ್ವಿಚಾರಕರ ಕೈಕಾಲು ಹಿಡಿದು, ಗೋದಾಮಿನಿಂದ ಅವಳನ್ನು ಬಟ್ಟೆ ಮಡಚುವ ಹಾಲ್‌ಗೆ ಹಾಕಿಸಿದ್ದೇನೆ. ಅವಳ ಮೇಜು ಸರಿಯಾಗಿ ದೊಡ್ಡ ಪೈಪಿನ ತಿರುವಿನ ಕೆಳಗೆ, ಇಡೀ ಕಾರ್ಖಾನೆಯಲ್ಲಿ ಅದಕ್ಕಿಂತ ಬೆಚ್ಚನೆ ಜಾಗವಿಲ್ಲ. ನಿನ್ನ ಏಳನೇ ಡಬ್ಬಿ ಅವಳ ತಲೆಯ ಮೇಲೇ ಇದೆ. "ತಂಗಿ ಕಾಯ್ತಾಳೆ ಬಿಡಿ," ಅನ್ನುತ್ತಾಳೆ.

ಅಣ್ಣ


ನವೆಂಬರ್ ೨೧

ಅಣ್ಣನಿಗೆ,

ನೀವು ಏನು ಮಾಯ ಮಾಡಿದಿರೋ ಗೊತ್ತಿಲ್ಲ. ಇಷ್ಟು ದಿನವಾಯಿತು, ಹದಿನಾಲ್ಕು ಡಬ್ಬಿಗಳಲ್ಲಿ ಒಂದೂ ತುಟಿ ಬಿಚ್ಚಿಲ್ಲ. ಮೊದಲು ಒಂದು ತೊಟ್ಟು ನೀರು ಬಿದ್ದರೂ ಬೊಬ್ಬೆ ಹೊಡೆಯುತ್ತಿದ್ದವು. ಈಗ ನನ್ನ ಪರದೆ ಇಡೀ ದಿನ ಖಾಲಿ. ಮುಖ್ಯಸ್ಥರು ಬಂದು ನೋಡಿ, ನಾನು ಬದಲಿಸಿದ ಪ್ರೋಗ್ರಾಂ ಚೆನ್ನಾಗಿ ಕೂತಿದೆ ಅಂದರು. ಅವರ ಬಾಯಿಂದ ಹೊಗಳಿಕೆ ಬರುವುದೆಂದರೆ ಸಣ್ಣ ಮಾತಲ್ಲ. ವರದಿ ಬರೆದು ನಿಮ್ಮ ಕಾರ್ಖಾನೆಗೂ ಕಳಿಸಿಯಾಯಿತು. ಬಹಳ ಖುಷಿಯಾಗಿದ್ದೇನೆ ಅಣ್ಣಾ.

ಈಗ ಅಸಲಿ ಮಾತಿಗೆ ಬರುತ್ತೇನೆ. ಪುಟ್ಟ ಅಂಗಿಗಳ ಸಾಲು ಓದಿದಂದಿನಿಂದ ಮನಸ್ಸು ನಿಲ್ಲುತ್ತಿಲ್ಲ. ಇಷ್ಟು ವರ್ಷ ಆಸ್ಪತ್ರೆ ಅಲೆದು ಕೈಬಿಟ್ಟಿದ್ದಿರಿ. ನಾನು ಬಾಯಿ ಬಿಟ್ಟು ಕೇಳುವುದಿಲ್ಲ. ನಿಜವಾಗಿದ್ದರೆ ಅತ್ತಿಗೆಗೆ ಏಣಿ ಹತ್ತಲು, ಭಾರ ಎತ್ತಲು ಬಿಡಬೇಡ. ಇಲ್ಲಿಂದ ಏನು ಬೇಕೋ ಕಳಿಸುತ್ತೇನೆ.

ತಂಗಿ


ಡಿಸೆಂಬರ್ ೧೩

ಮೊಂಡಿಗೆ,

ನೀನು ಅಂದುಕೊಂಡದ್ದು ಅಲ್ಲ. ಆ ಬಾಗಿಲು ಮುಚ್ಚಿ ಬಹಳ ಕಾಲವಾಯಿತು. ನಾನು ಸುಳಿವು ಕೊಟ್ಟ ರೀತಿ ಸರಿಯಿರಲಿಲ್ಲ. ನಿನ್ನ ಕಾಗದ ಓದಿ ಅವಳು ನಕ್ಕಳು. ಆಮೇಲೆ ಅದನ್ನು ಮಡಚಿ ತನ್ನ ಸೀರೆಗಳ ನಡುವೆ ಇಟ್ಟಳು. "ಎಂಥಾ ಪೆದ್ದಿ ಇವಳು," ಎಂದಷ್ಟೇ ಅಂದಳು. ಅಂಗಿಗಳ ಗುಟ್ಟು ಇನ್ನೂ ಗುಟ್ಟಾಗಿಯೇ ಇರಲಿ.

ಇನ್ನೊಂದು ವಿಷಯ. ಕೋಲಜ್ಜನನ್ನು ಕೆಲಸದಿಂದ ತೆಗೆದರು. "ಡಬ್ಬಿಗಳು ಇವೆಯಲ್ಲ, ಇನ್ನು ಯಾಕೆ ನೀನು?" ಎಂದು ನಿನ್ನ ವರದಿಯ ಒಂದು ಹಾಳೆಯನ್ನು ಅವನ ಮುಖದ ಮುಂದೆ ಹಿಡಿದರಂತೆ. ಕೋಲನ್ನು ಬಾಯ್ಲರ್ ಮನೆಯ ಮೂಲೆಗೆ ಒರಗಿಸಿ ಹೋದ. ಗೇಟಿನವರೆಗೆ ಹಿಂದೆ ಹೋದೆ, ತಿರುಗಿ ನೋಡಲಿಲ್ಲ.

ಇದಾಗುತ್ತದೆಂದು ನಿನಗೆ ಗೊತ್ತಿತ್ತಾ? ಇರಲಿಲ್ಲ ಎಂದು ಬರೆ, ನಂಬುತ್ತೇನೆ.

ಅಣ್ಣ


ಡಿಸೆಂಬರ್ ೨೮

ಅಣ್ಣನಿಗೆ,

ಗೊತ್ತಿತ್ತು. ಇನ್ನು ಮನುಷ್ಯ ಬೇಕೇ ಎಂದು ನಿಮ್ಮ ಕಾರ್ಖಾನೆಯವರು ಕೇಳಿದರು, ಬೇಡ ಎಂದು ಬರೆದುಕೊಟ್ಟೆ. ಬೇಕು ಎಂದು ಬರೆದಿದ್ದರೆ ನನ್ನ ಡಬ್ಬಿಯ ಮೇಲೆ ನನಗೇ ನಂಬಿಕೆಯಿಲ್ಲ ಎಂದಾಗುತ್ತಿತ್ತು. ನಿನಗೆ ಬೇಜಾರಾಗುತ್ತದೆಂದು ಮೊದಲೇ ಹೇಳಲಿಲ್ಲ, ಅದು ನನ್ನ ತಪ್ಪು.

ಆದರೆ ಯೋಚಿಸು. ಆ ವಯಸ್ಸಿನಲ್ಲಿ ಏಣಿ ಹತ್ತುವುದು ಅವರಿಗೂ ಅಪಾಯ. ಕೋಲು ಹಿಡಿದವರಿಗೆ ಜ್ವರ ಬರುತ್ತದೆ, ತೂಕಡಿಕೆ ಬರುತ್ತದೆ. ಡಬ್ಬಿಗೆ ಏನೂ ಬರುವುದಿಲ್ಲ. ಅತ್ತಿಗೆ ಅದರ ಕೆಳಗೆ ಕೂತಿದ್ದಾರೆ ಎಂದು ಗೊತ್ತಿದ್ದೂ ಹೀಗೆ ಬರೆದುಕೊಟ್ಟಿದ್ದೇನೆಂದರೆ ನನ್ನ ಧೈರ್ಯ ಎಷ್ಟಿರಬೇಕು, ನೀನೇ ಹೇಳು.

ಅತ್ತಿಗೆಯ ಕ್ಷಮೆ ಕೇಳಿದೆನೆಂದು ಹೇಳು. ಪೆದ್ದಿ ಅಂದದ್ದು ಸರಿಯಾಗಿದೆ.

ತಂಗಿ


ಫೆಬ್ರವರಿ ೧೧

ತಂಗಿಗೆ,

ಮೊಂಡಿ ಎಂದು ಬರೆಯಲು ಕೈ ಬರುತ್ತಿಲ್ಲ. ಅವಳನ್ನು ಮಣ್ಣು ಮಾಡಿದ ದಿನ ನೀನು ಬಂದೆ, ಗೋಡೆಗೆ ಒರಗಿ ನಿಂತೆ, ಸಂಜೆಯ ಬಸ್ಸಿಗೆ ಹೋದೆ. ನನಗೆ ಕೇಳಬೇಕಾದದ್ದು ಇತ್ತು. ಈಗ ಕೇಳುತ್ತೇನೆ.

ಬೆಳಗಿನ ಪಾಳಿ ಆಗಷ್ಟೇ ಶುರುವಾಗಿತ್ತು. ಬಾಯ್ಲರ್ ಮನೆಯಿಂದ ಹಬೆ ಬಿಟ್ಟವನು ನಾನೇ. ಪ್ರತಿ ದಿನ ಬಿಡುವ ಹಾಗೆಯೇ ಬಿಟ್ಟೆ. ಒಡೆದ ಸದ್ದು ನನಗೂ ಕೇಳಿಸಿತು. ಇಷ್ಟು ವರ್ಷಗಳಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿದ್ದು ಅದೊಂದೇ. ನಾನು ಓಡಿ ಹೋಗುವಷ್ಟರಲ್ಲಿ ಹಾಲ್ ತುಂಬ ಬಿಳಿ ಹಬೆ, ಯಾರೂ ಕಾಣುತ್ತಿರಲಿಲ್ಲ. ಉಳಿದವರನ್ನು ಎಳೆದು ತಂದರು. ತಿರುವಿನ ಕೆಳಗಿದ್ದವಳು ಅವಳೊಬ್ಬಳೇ. ಆ ಜಾಗ ಕೊಡಿಸಿದವನು ನಾನು.

ಏಳನೇ ಟ್ರ್ಯಾಪನ್ನು ಬಿಚ್ಚಿ ನೋಡಿದೆ. ಬಟ್ಟೆಯ ನಾರು, ತುಕ್ಕು ಎಲ್ಲ ಸೇರಿ ಕಲ್ಲಾಗಿತ್ತು. ಒಂದು ದಿನದಲ್ಲಿ ಕಟ್ಟಿಕೊಂಡದ್ದಲ್ಲ ಅದು. ಅಷ್ಟು ದಿನ ಅಲ್ಲಿ ಪೈಪು ತಣ್ಣಗಾಗುತ್ತ ಬಂದಿದೆ, ನೀರು ತುಂಬುತ್ತ ಬಂದಿದೆ. ನಿನ್ನ ಡಬ್ಬಿ ಅಲ್ಲೇ ಇತ್ತು. ಆಫೀಸಿನ ಪರದೆ ನೋಡಿದೆ, ಖಾಲಿ. ನಿನ್ನ ಪರದೆಯೂ ಖಾಲಿಯಿತ್ತು ಎಂದು ಕೇಳಿದೆ.

ಅದು ಯಾಕೆ ಕೂಗಲಿಲ್ಲ?

ಡಬ್ಬಿಗಳನ್ನೆಲ್ಲ ಬಿಚ್ಚಿ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದೇನೆ. ಹೇಗಿದ್ದವೋ ಹಾಗೆಯೇ ಇಟ್ಟಿದ್ದೇನೆ. ನೋಡಿ ನನಗೆ ಉತ್ತರ ಹೇಳು. ಬೇರೇನೂ ಬರೆಯಬೇಡ.

ಅಣ್ಣ


ಮಾರ್ಚ್ ೧೫

ಅಣ್ಣಾ,

ಈ ಕಾಗದವನ್ನು ನಿನಗೆ ಹಾಕುವುದಿಲ್ಲ. ಆದರೂ ನಿನಗಲ್ಲದೆ ಇನ್ನಾರಿಗೆ ಬರೆಯಲಿ?

ಪೆಟ್ಟಿಗೆ ತೆರೆದೆ. ಪುಟ್ಟ ಅಂಗಿಗಳು ಯಾರಿಗೆ ಎಂದು ಆಗ ತಿಳಿಯಿತು. ಒಳಗೆ ಕಂಬಳಿ, ಹೊರಗೆ ಮೇಣದ ಬಟ್ಟೆ. ಪ್ರತಿಯೊಂದಕ್ಕೂ ಗುಂಡಿ. ಎದೆಯ ಮೇಲೆ ಕೆಂಪು ದಾರದಲ್ಲಿ ಡಬ್ಬಿಯ ನಂಬರು. ಊದಿದ ಕೈಯಲ್ಲಿ ಎಂಥ ಸಣ್ಣ ಹೊಲಿಗೆ ಹಾಕಿದ್ದಾರೆ ಅತ್ತಿಗೆ. ಒಂದು ತೊಟ್ಟು ನೀರು ಒಳಗೆ ಹೋಗಿರಲಿಲ್ಲ. ಹೊಟ್ಟೆಯಂತೂ ಪೈಪಿಗೆ ಅಂಟಿ ಬಿಸಿಯಾಗಿಯೇ ಇತ್ತು. ಅಂಗಿ ತೊಟ್ಟ ಬೆನ್ನೂ ಅಷ್ಟೇ ಬಿಸಿಯಾಯಿತು. ವ್ಯತ್ಯಾಸವೇ ಇಲ್ಲವಾಯಿತು.

ನಂಬಲಾಗದೆ ಇಲ್ಲಿನ ಪೈಪಿಗೆ ಎರಡು ಹೊಸ ಡಬ್ಬಿಗಳನ್ನು ಕಟ್ಟಿದೆ. ಒಂದಕ್ಕೆ ಏಳನೇ ನಂಬರಿನ ಅಂಗಿ ತೊಡಿಸಿದೆ. ಸಂಜೆಯ ಹೊತ್ತಿಗೆ ಬರಿಮೈಯ ಡಬ್ಬಿ ಬದುಕಿತ್ತು, ಅಂಗಿ ತೊಟ್ಟದ್ದು ಸತ್ತಿತ್ತು. ನಿಮ್ಮಲ್ಲಿ ಅವು ನವೆಂಬರಿನಲ್ಲೇ ಸತ್ತಿವೆ. ಖುಷಿಯಾಗಿದ್ದೇನೆ ಎಂದು ನಿನಗೆ ಬರೆದಾಗ ನಾನು ಹದಿನಾಲ್ಕು ಹೆಣಗಳನ್ನು ಕಾವಲಿಗಿಟ್ಟಿದ್ದೆ.

ಗಂಟೆಗೊಂದು ಮಾತು ಇದ್ದಿದ್ದರೆ ಅದು ನಿಂತ ದಿನವೇ ಗೊತ್ತಾಗುತ್ತಿತ್ತು. ಸುಮ್ಮನಿದ್ದರೆ ಸರಿ ಎಂದು ಮಾಡಿದವಳು ನಾನು. ಕೊನೆಕೊನೆಗೆ ಅಪ್ಪ ಸುಮ್ಮನಿದ್ದದ್ದು ಖುಷಿಯಿಂದಲ್ಲ, ನೋವಿನಿಂದ ಎಂದು ನಮಗೆ ಆಸ್ಪತ್ರೆಯಲ್ಲಿ ಗೊತ್ತಾಗಿತ್ತು. ಅದನ್ನೂ ಮರೆತಿದ್ದೆ.

ಅಂಗಿಯ ವಿಷಯ ನಿನಗೆ ಹೇಳುವುದಿಲ್ಲ. ಅವರು ಹೊಲಿದದ್ದೇ ಅವರನ್ನು ಕೊಂದಿತು ಎಂದು ನಿನಗೆ ಹೇಳಿ, ಆಮೇಲೆ ನೀನು ಆ ಮನೆಯಲ್ಲಿ ಒಬ್ಬನೇ ಹೇಗಿರುತ್ತೀಯ?


ಮಾರ್ಚ್ ೧೭

ಅಣ್ಣನಿಗೆ,

ಡಬ್ಬಿಗಳನ್ನು ನೋಡಿದೆ. ಅವುಗಳಲ್ಲಿ ಕೂಡಿಟ್ಟ ಕರೆಂಟು ಖಾಲಿಯಾಗಿತ್ತು, ಅದಕ್ಕೇ ಕೂಗಲಿಲ್ಲ. ಖಾಲಿಯಾದದ್ದು ಯಾರಿಗೂ ತಿಳಿಯದ ಹಾಗೆ ಪ್ರೋಗ್ರಾಂ ಬರೆದವಳು ನಾನು. ಕೋಲಜ್ಜ ಬೇಡ ಎಂದವಳೂ ನಾನೇ. ತನಿಖೆಯವರಿಗೂ ಹೀಗೆಯೇ ಹೇಳಿದ್ದೇನೆ. ತಪ್ಪೆಲ್ಲ ನನ್ನದು.

ಬೇರೇನೂ ಬರೆಯಬೇಡ ಅಂದಿದ್ದೀಯ. ಬರೆಯುವುದಿಲ್ಲ.

ತಂಗಿ


ಏಪ್ರಿಲ್ ೨೨

ತಂಗಿಗೆ,

ನಿನ್ನ ಉತ್ತರ ತಲುಪಿತು. ನಿಜ ಹೇಳಿದ್ದು ಒಳ್ಳೆಯದಾಯಿತು. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೂತಿದ್ದೆ, ಆಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅವಳ ನೆನಪಾಗಿ ಅಳು ಬರುತ್ತದೆ, ಅದರ ಹಿಂದೆಯೇ ನಿನ್ನ ಮೇಲೆ ಸಿಟ್ಟು. ಎರಡೂ ಒಟ್ಟಿಗೇ ಇವೆ, ನಾನೇನು ಮಾಡಲಿ?

ಕೋಲಜ್ಜನನ್ನು ಮತ್ತೆ ಕರೆಸಿದ್ದಾರೆ. ಬಂದ. ಅವಳ ಮೇಜಿದ್ದ ಜಾಗದಲ್ಲಿ ಸ್ವಲ್ಪ ನಿಂತು ಮುಂದೆ ಹೋದ.

ಕೇಳಬೇಕಾದದ್ದು ಒಂದಿದೆ. ಡಬ್ಬಿಗಳ ಜೊತೆ ಅವಳು ಹೊಲಿದ ಅಂಗಿಗಳೂ ಬಂದಿವೆಯಲ್ಲ, ಅವನ್ನು ವಾಪಸ್ ಕಳಿಸು. ಅದೇ ಗುಟ್ಟು, ನೀನು ಬಂದಾಗ ತೋರಿಸಬೇಕೆಂದಿದ್ದಳು. ನಿನ್ನ ಡಬ್ಬಿಗಳು ಕೈಕೊಟ್ಟರೂ ಅವಳ ಹೊಲಿಗೆ ಕೈಕೊಡಲಿಲ್ಲ, ಕೊನೆಯವರೆಗೂ ಒಂದು ಹನಿ ಒಳಗೆ ಬಿಡಲಿಲ್ಲ. ಅವಳ ಕೈಯದು ಅಂತ ಉಳಿದದ್ದು ಅಷ್ಟೇ.

ಅಣ್ಣ


ಮೇ ೬

ಅಣ್ಣನಿಗೆ,

ಅಂಗಿಗಳನ್ನು ಕಳಿಸಿದ್ದೇನೆ. ಒಗೆದಿಲ್ಲ. ಬಹಳ ಚೆನ್ನಾಗಿ ಹೊಲಿದಿದ್ದಾರೆ. ನೀನು ಹೇಳಿದ್ದು ಸರಿ, ಒಂದು ಹನಿ ಒಳಗೆ ಬಿಟ್ಟಿಲ್ಲ.

ತಂಗಿ


ಸೆಪ್ಟೆಂಬರ್ ೨೫

ಬಾಯ್ಲರ್ ವಿಭಾಗದವರಿಗೆ,

ಹೊಸ ಸೆನ್ಸರ್ ಡಬ್ಬಿಗಳನ್ನು ಕಳಿಸಲಾಗಿದೆ. ಈ ಕೆಳಗಿನ ಸೂಚನೆಗಳನ್ನು ಪ್ರತಿ ಡಬ್ಬಿಯ ಪಕ್ಕದಲ್ಲಿ ಅಂಟಿಸಬೇಕು.

ಡಬ್ಬಿ ಗಂಟೆಗೊಮ್ಮೆ ಮಾತಾಡುತ್ತದೆ.
ಮಾತು ನಿಂತರೆ ಅಪಾಯವೆಂದೇ ತಿಳಿದು ಹಬೆ ನಿಲ್ಲಿಸಬೇಕು.
ಪೈಪು ನೋಡುವ ಕೆಲಸದವರನ್ನು ತೆಗೆಯಬಾರದು.
ಡಬ್ಬಿಯ ಬೆನ್ನಿಗೆ ಬಟ್ಟೆ, ಕಂಬಳಿ, ಯಾವ ಹೊದಿಕೆಯನ್ನೂ ಹಾಕಬಾರದು. ಹಾಕಿದರೆ ಡಬ್ಬಿ ಸಾಯುತ್ತದೆ.

ಅಣ್ಣಾ, ಇಷ್ಟು ಟೈಪ್ ಮಾಡಿದ್ದು. ಇನ್ನು ಕೈಬರಹ ನಿನಗೆ. ನಾಲ್ಕನೆಯ ಸಾಲು ಬರೆಯದೆ ಇರಲು ಬೇಸಿಗೆಯಿಡೀ ದಾರಿ ಹುಡುಕಿದೆ, ಸಿಗಲಿಲ್ಲ. ಈಗ ಬೇರೆ ಕಾರ್ಖಾನೆಗಳಿಗೂ ಡಬ್ಬಿಗಳು ಹೋಗುತ್ತಿವೆ. ಚಳಿ ಬರುತ್ತಿದೆ. ಎಲ್ಲ ಕಡೆಯೂ ಮೇಲಿಂದ ನೀರು ತೊಟ್ಟಿಕ್ಕುತ್ತದೆ, ಎಲ್ಲ ಕಡೆಯೂ ಯಾರಾದರೊಬ್ಬರು ಒಳ್ಳೆಯ ಮನಸ್ಸಿನವರು ಇದ್ದೇ ಇರುತ್ತಾರೆ. ನೀನು ಇದನ್ನು ಓದಬಾರದಿತ್ತು.

ತಂಗಿ


ಅಕ್ಟೋಬರ್ ೧೨

ಮೊಂಡಿಗೆ,

ಸೂಚನೆ ಓದಿದೆ. ನಾಲ್ಕನೆಯ ಸಾಲು ಓದಿ ಮಡಚಿ ಜೇಬಿಗೆ ಹಾಕಿಕೊಂಡು ಪಾಳಿ ಮುಗಿಸಿದೆ. ಮನೆಗೆ ಬಂದು ನಿನ್ನ ಮೊದಲನೆಯ ಕಾಗದ ಹುಡುಕಿ ತೆಗೆದೆ. ಹೊಟ್ಟೆ ಬಿಸಿ, ಬೆನ್ನು ತಣ್ಣಗೆ. ನೀನು ಆವತ್ತೇ ಬರೆದಿದ್ದೀಯ.

ಅವಳ ಹೆಸರು ಕೆಡಬಾರದೆಂದು, ನನ್ನ ಎದೆ ಒಡೆಯಬಾರದೆಂದು ಇಷ್ಟು ದಿನ ಮುಚ್ಚಿಟ್ಟೆ, ನನ್ನ ಸಿಟ್ಟನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡೆ. ಆದರೆ ಒಂದು ಸಂಗತಿ ನಿನಗೆ ಗೊತ್ತಿಲ್ಲ. ಅಂಗಿ ತೊಡಿಸುವ ಆಲೋಚನೆ ಅವಳದಲ್ಲ, ನನ್ನದು. ಮೊದಲನೆಯ ಅಂಗಿಗೆ ಕಂಬಳಿ ಕತ್ತರಿಸುವಾಗ ಅವಳು ಕತ್ತರಿ ಕೆಳಗಿಟ್ಟು ಎದ್ದು ಹೋಗಿ ಇದೇ ಕಾಗದ ತಂದಳು. ಈ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಿವಿಯ ಹತ್ತಿರ ಜೋರಾಗಿ ಹೇಳಿದಳು, "ಬೆನ್ನಿಗೆ ತಣ್ಣನೆ ಗಾಳಿ ಬೇಕು ಅಂತ ಬರ್ದಿದಾಳಲ್ರೀ. ಇದನ್ನ ತೊಡಿಸಿದ್ರೆ ಸೆಕೆ ಆಗಲ್ವಾ? ಒಂದ್ಸಲ ನಿಮ್ಮ ತಂಗೀನ ಕೇಳಿ."

ನನಗೆ ಚೆನ್ನಾಗಿಯೇ ಕೇಳಿಸಿತು. ಆದರೆ ನಿನ್ನನ್ನು ಕೇಳಿದರೆ ಗುಟ್ಟು ಹೋಗುತ್ತಿತ್ತು. ನೀನು ಬಂದು ಕಣ್ಣರಳಿಸುವುದನ್ನು ನೋಡಬೇಕು ಎಂದು ನನಗೆ ಆಸೆ.

"ಅದೇನು ಮಗುನಾ ಸೆಕೆ ಆಗೋಕೆ? ನೀನು ಹೊಲಿ," ಅಂದೆ.

ಹೊಲಿದಳು.

ಅಣ್ಣ